ಕಾಲೇಜಿನ ಗಂಟೆ ಬಾರಿಸುವವರು ಯಾರ ನೌಕರರು?

ಕಾಲೇಜು ಎಂದೊಡನೆ ಕಣ್ಣೆದುರು ಬರುವುದು ಉಪನ್ಯಾಸಕರು ಮತ್ತು ವಿದ್ಯಾರ್ಥಿಗಳು. ಬೆಳಿಗ್ಗೆ ಗೇಟಿನ ಬೀಗ ತೆಗೆಯುವ ಕಾವಲುಗಾರ, ಶೌಚಾಲಯ ತೊಳೆಯುವ ಹೆಂಗಸು, ಪ್ರಯೋಗಾಲಯದಲ್ಲಿ ಗಾಜಿನ ಕೊಳವೆಗಳನ್ನು ಜೋಡಿಸಿಡುವ ಸಹಾಯಕ, ಹಾಸ್ಟೆಲಿನಲ್ಲಿ ನೂರಾರು ಮಂದಿಗೆ ಉಪ್ಪಿಟ್ಟು ಬೇಯಿಸುವ ಅಡುಗೆಯವರು, ಕಚೇರಿಯ ಕಿಟಕಿಯಾಚೆ ಕುಳಿತು ಪರೀಕ್ಷಾ ಶುಲ್ಕದ ರಸೀದಿ ಬರೆಯುವ ಗುಮಾಸ್ತ – ಇವರೆಲ್ಲ ಸುದ್ದಿಯಾಗುವುದು ಕೆಲಸ ನಿಲ್ಲಿಸಿದಾಗ ಮಾತ್ರ. ಆಗಲೂ ಕೇಳಿಬರುವ ಬೇಡಿಕೆಗಳಲ್ಲಿ ಹೊಸತೇನೂ ಇರುವುದಿಲ್ಲ. ತಿಂಗಳ ಸಂಬಳ ತಿಂಗಳಿಗೆ ಕೈಸೇರಲಿ, ಭವಿಷ್ಯ ನಿಧಿಗೆಂದು ಮುರಿದುಕೊಂಡ ಹಣ ಖಾತೆಗೆ ಜಮೆಯಾಗಲಿ, ಗುತ್ತಿಗೆದಾರ ಬದಲಾದ ಮಾತ್ರಕ್ಕೆ ಹಳಬರನ್ನು ಹೊರಹಾಕದಿರಲಿ ಎಂಬಷ್ಟೇ ಅವರ ಮೊರೆ. ಆಡಳಿತ ಮಂಡಳಿಗಳ ಉತ್ತರವೂ ಹಳೆಯದೇ. ಒಂದೋ, ಇದು ವಿದ್ಯಾಸಂಸ್ಥೆ, ಕಾರ್ಖಾನೆಯಲ್ಲ. ಇಲ್ಲವೇ, ನೀವು ನಮ್ಮ ನೌಕರರೇ ಅಲ್ಲ.

ಮೊದಲ ಉತ್ತರಕ್ಕೆ ಆರು ದಶಕಗಳ ನ್ಯಾಯಾಲಯದ ಇತಿಹಾಸವಿದೆ. ಎರಡನೆಯದು ಈಚಿನ ದಶಕಗಳ ಹೊರಗುತ್ತಿಗೆಯ ಕೂಸು. 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೊಳಿಸಿದಾಗ ಚರ್ಚೆಯೆಲ್ಲ ಕಾರ್ಖಾನೆಗಳ ಸುತ್ತಲೇ ನಡೆಯಿತು. ಮುನ್ನೂರು ಕಾರ್ಮಿಕರವರೆಗಿನ ಘಟಕಗಳಲ್ಲಿ ವಜಾ ಸುಲಭವಾಯಿತೇ, ಕೈಗೆ ಬರುವ ವೇತನ ಕಡಿಮೆಯಾಗುವುದೇ ಎಂಬಿತ್ಯಾದಿ ಪ್ರಶ್ನೆಗಳು ಎದ್ದವು. ಅದೇ ಸಂಹಿತೆಗಳು ಕಾಲೇಜಿನ ಬೋಧಕೇತರ ಸಿಬ್ಬಂದಿಯನ್ನು ಎಲ್ಲಿ ನಿಲ್ಲಿಸಿವೆ ಎಂಬ ಪ್ರಶ್ನೆ ಮಾತ್ರ ಬದಿಗೆ ಸರಿಯಿತು. ಅದನ್ನು ಅರಿಯಬೇಕಾದರೆ ಇಬ್ಬರು ಬಸ್ ಚಾಲಕರ ಕತೆಯಿಂದ ಆರಂಭಿಸಬೇಕು.

ಬಸ್ಸು ನಿಂತಿತು, ಪರಿಹಾರವೂ ನಿಂತಿತು

ದೆಹಲಿ ವಿಶ್ವವಿದ್ಯಾಲಯ ಮತ್ತು ಅದರ ಮಿರಾಂಡಾ ಹೌಸ್ ಮಹಿಳಾ ಕಾಲೇಜು ವಿದ್ಯಾರ್ಥಿನಿಯರ ಅನುಕೂಲಕ್ಕೆಂದು ಬಸ್ಸುಗಳನ್ನು ಓಡಿಸುತ್ತಿದ್ದವು. ನಷ್ಟವಾಗುತ್ತಿದೆ ಎಂದು ಆ ಸೌಲಭ್ಯವನ್ನು ನಿಲ್ಲಿಸಿ ಚಾಲಕರನ್ನು ಕೆಲಸದಿಂದ ತೆಗೆಯಲಾಯಿತು. ಇಬ್ಬರು ಚಾಲಕರು 1947ರ ಕೈಗಾರಿಕಾ ವಿವಾದ ಕಾಯ್ದೆಯಂತೆ ತಮಗೆ ಛಾಂಟಿ ಪರಿಹಾರ ಸಿಗಬೇಕೆಂದು ಕೇಳಿದರು. ಕೈಗಾರಿಕಾ ನ್ಯಾಯಮಂಡಳಿ ಅವರ ಪರವಾಗಿ ತೀರ್ಪಿತ್ತಿತು. ವಿವಾದ ಸುಪ್ರೀಂ ಕೋರ್ಟಿಗೆ ಹೋಯಿತು.

ರಾಮನಾಥ್ ಪ್ರಕರಣವೆಂದು ಹೆಸರಾದ ಈ ವಿವಾದದಲ್ಲಿ 1963ರಲ್ಲಿ ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್ ನೀಡಿದ ತೀರ್ಪಿನ ತರ್ಕ ಸರಳವಾಗಿತ್ತು. ವಿಶ್ವವಿದ್ಯಾಲಯದ ಮುಖ್ಯ ಕಾರ್ಯ ಶಿಕ್ಷಣ. ಶಿಕ್ಷಣವನ್ನು ನೀಡುವವರು ಅಧ್ಯಾಪಕರು. ಅಧ್ಯಾಪಕರು ಕಾಯ್ದೆಯ ಅರ್ಥದಲ್ಲಿ ಕೆಲಸಗಾರರಲ್ಲ. ಚಾಲಕ, ಜವಾನ ಮೊದಲಾದ ಅಧೀನ ಸಿಬ್ಬಂದಿಯ ಪಾತ್ರ ಈ ಮುಖ್ಯ ಕಾರ್ಯದಲ್ಲಿ ಗೌಣವಾದದ್ದು. ಆದ್ದರಿಂದ ವಿಶ್ವವಿದ್ಯಾಲಯ 'ಕೈಗಾರಿಕೆ' ಅಲ್ಲ. ಅಧ್ಯಾಪಕರ ಘನತೆಯನ್ನು ಎತ್ತಿಹಿಡಿದ ತರ್ಕವೊಂದು ಚಾಲಕರ ಪರಿಹಾರವನ್ನು ಕಿತ್ತುಕೊಂಡದ್ದು ಹೀಗೆ. ಉದ್ಯೋಗ ಕಳೆದುಕೊಂಡವರು ಪಾಠ ಹೇಳುವವರಾಗಿರಲಿಲ್ಲ ಎಂಬುದು ಲೆಕ್ಕಕ್ಕೆ ಬರಲಿಲ್ಲ.

ಈ ನಿಲುವು ಹದಿನೈದು ವರ್ಷ ಬಾಳಿತು. ಅದನ್ನು ಉರುಳಿಸಿದ ಪ್ರಕರಣ ಹುಟ್ಟಿದ್ದು ಬೆಂಗಳೂರಿನಲ್ಲಿ. ಬೆಂಗಳೂರು ಜಲಮಂಡಳಿಯು ದುರ್ನಡತೆಯ ಆರೋಪದ ಮೇಲೆ ಕೆಲ ನೌಕರರಿಗೆ ದಂಡ ವಿಧಿಸಿ ಹಣ ವಸೂಲು ಮಾಡಿತ್ತು. ತಮ್ಮ ಅಹವಾಲು ಕೇಳದೆಯೇ ದಂಡ ಹಾಕಲಾಗಿದೆ ಎಂದು ನೌಕರರು ಕಾರ್ಮಿಕ ನ್ಯಾಯಾಲಯದ ಮೆಟ್ಟಿಲೇರಿದಾಗ, ತಾನು ಕೈಗಾರಿಕೆಯೇ ಅಲ್ಲ ಎಂದು ಮಂಡಳಿ ವಾದಿಸಿತು. ಮೊತ್ತ ಸಣ್ಣದು, ಪ್ರಶ್ನೆ ದೊಡ್ಡದು. 1978ರ ಫೆಬ್ರವರಿ 21ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ತೀರ್ಪು ನೀಡಿತು. ಮುಖ್ಯ ತೀರ್ಪನ್ನು ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ವ್ಯವಸ್ಥಿತವಾದ ಚಟುವಟಿಕೆ ಇರಬೇಕು, ಅದು ಮಾಲೀಕ ಮತ್ತು ನೌಕರರ ಸಹಕಾರದಿಂದ ನಡೆಯಬೇಕು, ಮನುಷ್ಯರ ಅಗತ್ಯಗಳನ್ನು ಪೂರೈಸುವ ಸರಕು ಅಥವಾ ಸೇವೆ ಅದರಿಂದ ಸಿಗಬೇಕು – ಈ ಮೂರು ಇದ್ದರೆ ಅದು ಕೈಗಾರಿಕೆ. ಲಾಭದ ಉದ್ದೇಶ ಇದೆಯೇ ಇಲ್ಲವೇ ಎಂಬುದು ಮುಖ್ಯವಲ್ಲ. ಈ ಅಳತೆಗೋಲಿನಲ್ಲಿ ಕಾಲೇಜು, ವಿಶ್ವವಿದ್ಯಾಲಯಗಳೂ ಒಳಗೆ ಬಂದವು. ರಾಮನಾಥ್ ತೀರ್ಪು ರದ್ದಾಯಿತು.

ದತ್ತಿ ಸಂಸ್ಥೆಗಳ ಕುರಿತು ಆ ತೀರ್ಪು ಆಡಿದ ಮಾತು ಇಂದಿಗೂ ಮನನೀಯ. ಸಂಸ್ಥೆಯ ಮಾಲೀಕ ದಾನಿಯಾಗಿರಬಹುದು, ಸೇವೆಯನ್ನು ಉಚಿತವಾಗಿಯೇ ಹಂಚುತ್ತಿರಬಹುದು. ಆದರೆ ಅಲ್ಲಿ ಸಂಬಳಕ್ಕೆ ದುಡಿಯುವವನು ದಾನ ಮಾಡಲು ಬಂದವನಲ್ಲ. ಅವನ ಮಟ್ಟಿಗೆ ಅದೂ ಒಂದು ಉದ್ಯೋಗವೇ. ಕೂಲಿಗಲ್ಲದೆ ಸೇವಾಭಾವದಿಂದಲೇ ಜನ ದುಡಿಯುವ ಕಡೆ ಮಾತ್ರ ವಿನಾಯಿತಿ ಎಂಬುದು ಆ ತೀರ್ಪಿನ ಸಾರ.

ಸರ್ಕಾರಕ್ಕೆ ಇದು ರುಚಿಸಲಿಲ್ಲ. ಸಂಸತ್ತು 1982ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಶಿಕ್ಷಣ ಸಂಸ್ಥೆ, ಆಸ್ಪತ್ರೆ, ಸಂಶೋಧನಾ ಸಂಸ್ಥೆಗಳನ್ನು ಕೈಗಾರಿಕೆಯ ವ್ಯಾಖ್ಯೆಯಿಂದ ಹೊರಗಿಟ್ಟಿತು. ಹೊರಗಿಟ್ಟ ನೌಕರರಿಗೆ ಬೇರೆ ಪರಿಹಾರ ವ್ಯವಸ್ಥೆಯನ್ನು ಮಾತ್ರ ರೂಪಿಸಲಿಲ್ಲ. ಹೀಗಾಗಿ ತಿದ್ದುಪಡಿಯ ಇತರ ಭಾಗಗಳು 1984ರಲ್ಲಿ ಜಾರಿಗೆ ಬಂದರೂ ಈ ವ್ಯಾಖ್ಯೆಯನ್ನು ಜಾರಿಗೊಳಿಸುವ ಅಧಿಸೂಚನೆ ಕೊನೆಗೂ ಹೊರಬೀಳಲಿಲ್ಲ. 1978ರ ವ್ಯಾಖ್ಯೆ ಮರುಪರಿಶೀಲನೆಗೆ ಅರ್ಹ ಎಂದು 2005ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು; 2017ರಲ್ಲಿ ಅದನ್ನು ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ವಹಿಸಲಾಯಿತು. ಸಂಸತ್ತು ಅಂಗೀಕರಿಸಿದ ಕಾನೂನಿನ ತುಣುಕೊಂದು ನಾಲ್ಕು ದಶಕ ಕಪಾಟಿನಲ್ಲೇ ಮಲಗಿತ್ತೆಂಬುದು ನಮ್ಮ ಶಾಸನ ವ್ಯವಸ್ಥೆಯ ವಿಚಿತ್ರಗಳಲ್ಲೊಂದು. ಆ ಆಲಸ್ಯದಿಂದಲೇ ಕಾಲೇಜು ಜವಾನರು ಕಾರ್ಮಿಕ ನ್ಯಾಯಾಲಯದ ಬಾಗಿಲು ಬಡಿಯುವ ಹಕ್ಕು ಉಳಿಸಿಕೊಂಡರು ಎಂಬುದು ಅದಕ್ಕಿಂತಲೂ ವಿಚಿತ್ರ.

ಅಧ್ಯಾಪಕರೊಂದು ದಾರಿ, ಗುಮಾಸ್ತರೊಂದು ದಾರಿ

ಇಲ್ಲಿ ಒಂದು ಸೂಕ್ಷ್ಮವಿದೆ. 1988ರಲ್ಲಿ ಗೋವಾದ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಶಾಲೆ ಕೈಗಾರಿಕೆ ಹೌದು, ಆದರೆ ಶಿಕ್ಷಕರು ಕಾಯ್ದೆಯಡಿ ಕೆಲಸಗಾರರಲ್ಲ ಎಂದಿತು. ಅಂದರೆ ಒಂದೇ ಕಟ್ಟಡದಲ್ಲಿ ದುಡಿಯುವ ಇಬ್ಬರಲ್ಲಿ ಗುಮಾಸ್ತ, ಚಾಲಕ, ಜವಾನರಿಗೆ ಕಾರ್ಮಿಕ ಕಾನೂನು ಉಂಟು, ಅಧ್ಯಾಪಕರಿಗೆ ಇಲ್ಲ. ಉಪಧನದ ವಿಷಯದಲ್ಲೂ ಹೀಗೆಯೇ ಆಯಿತು. 1997ರ ಅಧಿಸೂಚನೆಯಿಂದ ಶಿಕ್ಷಣ ಸಂಸ್ಥೆಗಳು ಗ್ರಾಚ್ಯುಟಿ ಕಾಯ್ದೆಯ ವ್ಯಾಪ್ತಿಗೆ ಬಂದಾಗ ಬೋಧಕೇತರ ಸಿಬ್ಬಂದಿಗೆ ದಾರಿ ತೆರೆಯಿತು. ಆದರೆ ಶಿಕ್ಷಕರು ಆ ಕಾಯ್ದೆಯ ನೌಕರರಲ್ಲ ಎಂದು 2004ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಸಂಸತ್ತು 2009ರಲ್ಲಿ ಪೂರ್ವಾನ್ವಯವಾಗುವಂತೆ ತಿದ್ದುಪಡಿ ತಂದು, 2022ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿದ ಮೇಲೆಯೇ ವಿವಾದ ತಣ್ಣಗಾದದ್ದು. ಪ್ರತಿಷ್ಠೆಯಲ್ಲಿ ಕೆಳಗಿನವರು ಕಾನೂನಿನಲ್ಲಿ ಮೇಲಿದ್ದ ಅಪರೂಪದ ಸಂದರ್ಭವಿದು.

ಕರ್ನಾಟಕದಲ್ಲಿ ಇನ್ನೊಂದು ದಾರಿಯೂ ಉಂಟು. ಖಾಸಗಿ ಶಿಕ್ಷಣ ಸಂಸ್ಥೆಗಳ ಶಿಸ್ತು ಮತ್ತು ನಿಯಂತ್ರಣ ಕುರಿತ 1975ರ ಕಾಯ್ದೆ, ಅನಂತರದ 1983ರ ಕರ್ನಾಟಕ ಶಿಕ್ಷಣ ಕಾಯ್ದೆಗಳು ವಜಾಗೊಂಡ ನೌಕರ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಲು ಅವಕಾಶ ಕಲ್ಪಿಸಿದವು. ಅಧ್ಯಾಪಕರೆಂಬ, ಅಧ್ಯಾಪಕೇತರರೆಂಬ ಭೇದ ಅಲ್ಲಿಲ್ಲ. ಆದರೆ ಆ ಬಾಗಿಲು ತೆರೆಯುವುದು ಆಡಳಿತ ಮಂಡಳಿಯೇ ನೇಮಕಾತಿ ಆದೇಶ ಕೊಟ್ಟ ನೌಕರರಿಗೆ. ಏಜೆನ್ಸಿಯ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡವರು ಅಲ್ಲಿ ನಿಂತು ತಾವು ಈ ಕಾಲೇಜಿನವರೆಂದು ರುಜುವಾತು ಮಾಡುವುದೇ ದುಸ್ತರ.

ನೇರ ನೇಮಕಾತಿ ಇದ್ದರೆ ಕಾನೂನು ಹೇಗೆ ಕೈಹಿಡಿಯಬಲ್ಲದು ಎಂಬುದಕ್ಕೆ 2016ರ ಒಂದು ತೀರ್ಪು ಸಾಕ್ಷಿ. ದೆಹಲಿಯ ಖಾಸಗಿ ಶಾಲೆಯೊಂದು ಚಾಲಕನೊಬ್ಬನನ್ನು ಹೆಚ್ಚುವರಿ ಎಂದು ತೆಗೆದುಹಾಕಿತ್ತು. ಶಿಕ್ಷಣ ಇಲಾಖೆಯ ಪೂರ್ವಾನುಮತಿ ಇಲ್ಲದೆ ಹೀಗೆ ಮಾಡುವಂತಿಲ್ಲ ಎಂದು ತೀರ್ಪು ಬರೆದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ವಿ. ಗೋಪಾಲಗೌಡ. 1963ರ ಚಾಲಕರಿಗೆ ಸಿಗದಿದ್ದುದು ಐವತ್ತಮೂರು ವರ್ಷಗಳ ಬಳಿಕ ಮತ್ತೊಬ್ಬ ಚಾಲಕನಿಗೆ ಸಿಕ್ಕಿತು.

ಶುಲ್ಕಕ್ಕೆ ಉದ್ಯೋಗ, ಸಂಬಳಕ್ಕೆ ದಾನಧರ್ಮ

ಆಡಳಿತ ಮಂಡಳಿಗಳ ಮೊದಲ ಉತ್ತರವನ್ನು ತೂಗಿ ನೋಡಲು 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣಕ್ಕಿಂತ ಒಳ್ಳೆಯ ತಕ್ಕಡಿ ಇಲ್ಲ. ಅದೂ ಕರ್ನಾಟಕ ಸರ್ಕಾರದ ವಿರುದ್ಧ ಹೂಡಿದ ಮೊಕದ್ದಮೆಯೇ. ಹನ್ನೊಂದು ನ್ಯಾಯಮೂರ್ತಿಗಳ ಪೀಠ ಶಿಕ್ಷಣ ಸಂಸ್ಥೆಯನ್ನು ನಡೆಸುವುದು ಸಂವಿಧಾನದ 19ನೇ ವಿಧಿಯಡಿ ಒಂದು 'ಉದ್ಯೋಗ' ಎಂದು ಒಪ್ಪಿಕೊಂಡಿತು. ಲಾಭಕೋರತನ ಸಲ್ಲದು, ಆದರೆ ಸಂಸ್ಥೆಯ ಬೆಳವಣಿಗೆಗೆ ಬೇಕಾದಷ್ಟು ಮಿಗುತಾಯ ಮಾಡಿಕೊಳ್ಳಬಹುದು ಎಂದೂ ಹೇಳಿತು. ಪ್ರವೇಶ ಮತ್ತು ಶುಲ್ಕ ನಿಗದಿಯಲ್ಲಿ ಸ್ವಾತಂತ್ರ್ಯ ಬೇಕೆಂದು ಕೇಳುವ ಖಾಸಗಿ ಕಾಲೇಜುಗಳಿಗೆ ಈ ತೀರ್ಪು ಇಂದಿಗೂ ಆಧಾರ.

ಶುಲ್ಕದ ಪ್ರಶ್ನೆ ಬಂದಾಗ ಉದ್ಯೋಗ, ಸಂಬಳದ ಪ್ರಶ್ನೆ ಬಂದಾಗ ದಾನಧರ್ಮ ಎಂಬ ಎರಡು ನಾಲಿಗೆಯ ಮಾತಿಗೆ ಆಧಾರ ಮಾತ್ರ ಆ ತೀರ್ಪಿನಲ್ಲಿ ಸಿಗದು. ಸಿಬ್ಬಂದಿಯ ಮೇಲೆ ಶಿಸ್ತುಕ್ರಮ ಕೈಗೊಳ್ಳುವ ಸ್ವಾತಂತ್ರ್ಯವನ್ನು ಆಡಳಿತ ಮಂಡಳಿಗೆ ಕೊಟ್ಟ ಅದೇ ಪೀಠ, ನೌಕರನ ಮೇಲ್ಮನವಿ ಕೇಳಲು ನ್ಯಾಯಮಂಡಳಿ ಇರಬೇಕು, ಅದು ರಚನೆಯಾಗುವವರೆಗೆ ಜಿಲ್ಲಾ ನ್ಯಾಯಾಧೀಶರೇ ಆ ಕೆಲಸ ಮಾಡಬೇಕು ಎಂದಿತ್ತು. ಮೊದಲ ಅರ್ಧವನ್ನು ಉಲ್ಲೇಖಿಸುವವರು ಬಹಳ, ಎರಡನೆಯದನ್ನು ಉಲ್ಲೇಖಿಸುವವರು ವಿರಳ.

ಈಗ ಹೊಸ ಸಂಹಿತೆಗೆ ಬರೋಣ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು ಕೈಗಾರಿಕೆಯ ವ್ಯಾಖ್ಯೆಯಲ್ಲಿ 1978ರ ತೀರ್ಪಿನ ಮಾತುಗಳನ್ನು ಬಹುಮಟ್ಟಿಗೆ ಉಳಿಸಿಕೊಂಡಿದೆ. ಬಂಡವಾಳ ಹೂಡಿರಲಿ ಬಿಡಲಿ, ಲಾಭದ ಉದ್ದೇಶವಿರಲಿ ಇಲ್ಲದಿರಲಿ, ನೌಕರನನ್ನು ನೇರವಾಗಿ ನೇಮಿಸಿರಲಿ ಅಥವಾ ಗುತ್ತಿಗೆದಾರನ ಮೂಲಕ ಪಡೆದಿರಲಿ, ವ್ಯವಸ್ಥಿತ ಚಟುವಟಿಕೆ ಕೈಗಾರಿಕೆಯೇ. 1982ರ ತಿದ್ದುಪಡಿಯಂತೆ ಶಿಕ್ಷಣ ಸಂಸ್ಥೆ ಎಂಬ ಪದವನ್ನು ಹೆಸರಿಸಿ ಹೊರಗಿಟ್ಟಿಲ್ಲ. ಅಷ್ಟರ ಮಟ್ಟಿಗೆ ಸಮಾಧಾನ. ಆದರೆ ಹಿಂದಿನ ಬಾಗಿಲೊಂದನ್ನು ತೆರೆದಿಡಲಾಗಿದೆ. ಪೂರ್ಣವಾಗಿ ಅಥವಾ ಗಣನೀಯವಾಗಿ ದತ್ತಿ, ಸಾಮಾಜಿಕ ಇಲ್ಲವೇ ಪರೋಪಕಾರಿ ಸೇವೆಯಲ್ಲಿ ತೊಡಗಿರುವ ಸಂಘಟನೆಗಳ ಒಡೆತನದ ಅಥವಾ ಆಡಳಿತದ ಸಂಸ್ಥೆಗಳು ಕೈಗಾರಿಕೆಯಲ್ಲ ಎನ್ನುತ್ತದೆ ಸಂಹಿತೆ.

ಕರ್ನಾಟಕದ ಖಾಸಗಿ ಕಾಲೇಜುಗಳನ್ನು ನಡೆಸುತ್ತಿರುವವರು ಬಹುಪಾಲು ನೋಂದಾಯಿತ ಟ್ರಸ್ಟುಗಳು, ಸಂಘಗಳು, ಮಠಗಳು. 1961ರ ಆದಾಯ ತೆರಿಗೆ ಕಾಯ್ದೆಯ ವ್ಯಾಖ್ಯೆಯಲ್ಲಿ ಶಿಕ್ಷಣವೂ ದತ್ತಿ ಉದ್ದೇಶಗಳಲ್ಲೊಂದಾಗಿತ್ತು. ತೆರಿಗೆ ವಿನಾಯಿತಿಯ ಪ್ರಮಾಣಪತ್ರವನ್ನೇ ಮುಂದಿಟ್ಟು, ನಾವು ದತ್ತಿ ಸಂಸ್ಥೆ, ನಮಗೆ ಈ ಸಂಹಿತೆ ಅನ್ವಯಿಸದು ಎಂದು ವಾದಿಸುವ ವಕೀಲರಿಗೆ ಕೊರತೆಯಾಗದು. ತೆರಿಗೆ ಕಾನೂನಿನ ದತ್ತಿಯೂ ಕಾರ್ಮಿಕ ಕಾನೂನಿನ ದತ್ತಿಯೂ ಒಂದೇ ಎಂದು ಸಂಹಿತೆಯಲ್ಲಿ ಎಲ್ಲಿಯೂ ಬರೆದಿಲ್ಲ. ಒಂದಲ್ಲ ಎಂದೂ ಬರೆದಿಲ್ಲ. ಲಕ್ಷಗಟ್ಟಲೆ ಶುಲ್ಕ ಪಡೆಯುವ ಎಂಜಿನಿಯರಿಂಗ್ ಕಾಲೇಜಿನ ಮಾಲಿಯೊಬ್ಬ ತಾನು ದುಡಿಯುವುದು ಧರ್ಮಛತ್ರದಲ್ಲಲ್ಲ ಎಂದು ಮೊದಲು ಸಾಬೀತುಪಡಿಸಿ, ಆಮೇಲೆ ಸಂಬಳದ ಮಾತೆತ್ತಬೇಕಾದ ಸ್ಥಿತಿ ಬರಬಹುದು. 1978ರಲ್ಲಿ ಮುಚ್ಚಿದ್ದ ವಾಗ್ವಾದ ಇದು. ವ್ಯಾಖ್ಯೆ ಬರೆದವರು ಅದನ್ನು ಮತ್ತೆ ತೆರೆಯುವ ಅಗತ್ಯವೇ ಇರಲಿಲ್ಲ.

ನೀವು ನಮ್ಮವರಲ್ಲ

ಆದರೂ ಇಂದಿನ ವಿವಾದಗಳಲ್ಲಿ ಕೈಗಾರಿಕೆಯ ವ್ಯಾಖ್ಯೆಗಿಂತ ಹೆಚ್ಚು ಪೆಟ್ಟು ಕೊಡುತ್ತಿರುವುದು ಎರಡನೆಯ ಉತ್ತರ. ಸರ್ಕಾರಿ ಕಾಲೇಜುಗಳಲ್ಲಿ 'ಡಿ' ದರ್ಜೆಯ ಕೆಲಸ ಹೊರಗುತ್ತಿಗೆಗೆ ಸರಿದು ವರ್ಷಗಳಾದವು. ಅನುದಾನಿತ ಕಾಲೇಜುಗಳಲ್ಲಿ ನಿವೃತ್ತರಾದ ಜವಾನರ ಜಾಗಕ್ಕೆ ಹೊಸಬರನ್ನು ತುಂಬಿಕೊಳ್ಳಲು ಸರ್ಕಾರದ ಅನುಮತಿ ಬೇಕು. ಅದಕ್ಕೆ ಕಾಯುವ ಬದಲು ಆಡಳಿತ ಮಂಡಳಿಗಳು ಏಜೆನ್ಸಿಯ ಮೊರೆ ಹೋಗುತ್ತವೆ. ಖಾಸಗಿ ಕಾಲೇಜುಗಳ ಕಾವಲು, ಸ್ವಚ್ಛತೆ, ಕ್ಯಾಂಟೀನ್, ತೋಟ, ವಾಹನಗಳ ವಿಷಯ ಹೇಳುವುದೇ ಬೇಡ.

ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿ ಕುರಿತ ಸಂಹಿತೆ ಇದಕ್ಕೆ ಮುದ್ರೆ ಒತ್ತಿದೆ. ಸಂಸ್ಥೆಯೊಂದರ ಮೂಲ ಚಟುವಟಿಕೆಗೆ ಗುತ್ತಿಗೆ ಕಾರ್ಮಿಕರನ್ನು ಬಳಸಬಾರದು ಎಂದು ಅದು ಹೇಳುತ್ತದೆ, ನಿಜ. ಆದರೆ ಮೂಲ ಚಟುವಟಿಕೆ ಅಲ್ಲದವು ಯಾವುವು ಎಂಬ ಪಟ್ಟಿಯನ್ನು ನೋಡಿ: ನೈರ್ಮಲ್ಯ, ಕಾವಲು, ಕ್ಯಾಂಟೀನ್ ಮತ್ತು ಊಟೋಪಚಾರ, ತೋಟಗಾರಿಕೆ, ಮನೆವಾರ್ತೆ ಮತ್ತು ಬಟ್ಟೆ ಒಗೆತ, ಸಾರಿಗೆ. ಕಾಲೇಜಿನ ಸಹಾಯಕ ಸಿಬ್ಬಂದಿಯನ್ನೇ ಎದುರು ಕೂರಿಸಿಕೊಂಡು ಬರೆದ ಪಟ್ಟಿಯಂತಿದೆ. 1963ರಲ್ಲಿ ಚಾಲಕರ ಕೆಲಸ 'ಗೌಣ' ಎಂದದ್ದು ನ್ಯಾಯಾಲಯ. ಆರು ದಶಕಗಳ ಬಳಿಕ ಅದನ್ನೇ ಬೇರೆ ಪದದಲ್ಲಿ ಹೇಳಿರುವುದು ಸಂಸತ್ತು.

ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆದಿದೆ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ 20 ಅಥವಾ ಹೆಚ್ಚು ಗುತ್ತಿಗೆ ಕಾರ್ಮಿಕರಿದ್ದ ಸಂಸ್ಥೆಗಳಿಗೆ ಅನ್ವಯವಾಗುತ್ತಿತ್ತು. ಹೊಸ ಸಂಹಿತೆಯ ಗುತ್ತಿಗೆ ಕಾರ್ಮಿಕ ಅಧ್ಯಾಯಕ್ಕೆ ಆ ಮಿತಿ 50. ತಾಲ್ಲೂಕು ಕೇಂದ್ರದ ಪದವಿ ಕಾಲೇಜೊಂದರಲ್ಲಿ ಐವತ್ತು ಮಂದಿ ಗುತ್ತಿಗೆ ಸಿಬ್ಬಂದಿ ಎಲ್ಲಿದ್ದಾರು? ಇಪ್ಪತ್ತೈದೋ ಮೂವತ್ತೋ ಜನರನ್ನು ಸಣ್ಣ ಗುತ್ತಿಗೆದಾರನಿಂದ ಪಡೆಯುವ ಸಂಸ್ಥೆಗೆ ಪರವಾನಗಿಯ ಗೊಡವೆ ಇಲ್ಲ. ಆ ಅಧ್ಯಾಯದಲ್ಲಿರುವ ಮಹತ್ವದ ರಕ್ಷಣೆ, ಅಂದರೆ ಗುತ್ತಿಗೆದಾರ ಕೂಲಿ ಕೊಡದೆ ಹೋದರೆ ಮೂಲ ಉದ್ಯೋಗದಾತನೇ ಕೊಡಬೇಕೆಂಬ ನಿಯಮವನ್ನೂ ಅವರು ಅಲ್ಲಿಂದ ಪಡೆಯಲಾರರು.

ಹಾಗಾದರೆ ಅವರ ಮಾಲೀಕ ಯಾರು? ಏರ್ ಇಂಡಿಯಾ ಕ್ಯಾಂಟೀನ್ ಕಾರ್ಮಿಕರ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟು ಕೆಲ ಪ್ರಶ್ನೆಗಳನ್ನು ಮುಂದಿಟ್ಟಿತು. ನೇಮಿಸುವವರು ಯಾರು, ಸಂಬಳ ಕೊಡುವವರು ಯಾರು, ವಜಾ ಮಾಡುವ ಅಧಿಕಾರ ಯಾರದು, ಶಿಸ್ತುಕ್ರಮ ಯಾರದು, ಸೇವೆಗೆ ನಿರಂತರತೆ ಇದೆಯೇ, ಕೆಲಸದ ಮೇಲೆ ಪೂರ್ಣ ಹತೋಟಿ ಯಾರದು. ಕಾಲೇಜಿನ ಹಾಸ್ಟೆಲಿಗೆ ಇವನ್ನು ಅನ್ವಯಿಸಿ ನೋಡಿದರೆ ಸಮಸ್ಯೆಯ ಸ್ವರೂಪ ತಿಳಿಯುತ್ತದೆ. ನೇಮಕಾತಿ, ಸಂಬಳ ಎರಡೂ ಕಾಗದದಲ್ಲಿ ಏಜೆನ್ಸಿಯವು. ಆದರೆ ಬೆಳಿಗ್ಗೆ ಎಷ್ಟು ಗಂಟೆಗೆ ಒಲೆ ಹೊತ್ತಿಸಬೇಕೆಂದು ಹೇಳುವವರು ವಾರ್ಡನ್. ರಜೆ ಕೇಳಬೇಕಾದದ್ದು ಅವರನ್ನೇ. ಸಾರಿನಲ್ಲಿ ಉಪ್ಪು ಹೆಚ್ಚಾದರೆ ಗದರುವವರೂ ಅವರೇ. ವರ್ಷ ಕಳೆದು ಟೆಂಡರು ಬದಲಾದರೆ ಏಜೆನ್ಸಿಯ ಹೆಸರು ಬದಲಾಗುತ್ತದೆ, ಅಡುಗೆಯವರು ಅದೇ ಒಲೆಯ ಮುಂದೆ ಅವರೇ ಇರುತ್ತಾರೆ. ಸೇವೆ ನಿರಂತರ, ದಾಖಲೆ ಮಾತ್ರ ವರ್ಷದ್ದು. ಗುತ್ತಿಗೆ ಪದ್ಧತಿಯನ್ನು ನಿಷೇಧಿಸಿದರೂ ಕಾರ್ಮಿಕರು ತಂತಾನೇ ಮೂಲ ಸಂಸ್ಥೆಯ ನೌಕರರಾಗುವುದಿಲ್ಲ ಎಂದು 2001ರ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲೇ ತೀರ್ಪಾಗಿದೆ. ಗುತ್ತಿಗೆ ಬರೀ ನೆಪ ಎಂದು ಸಾಬೀತು ಮಾಡುವ ಹೊಣೆ ಕಾರ್ಮಿಕರದೇ. ಹಾಜರಿ ಪುಸ್ತಕ ಯಾರ ಬೀರುವಿನಲ್ಲಿದೆ ಎಂಬುದನ್ನು ಬಲ್ಲವರಿಗೆ ಆ ಹೊಣೆ ಎಷ್ಟು ಭಾರವೆಂದು ಗೊತ್ತು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಕಾಲೇಜು ಹಣ ಬಿಡುಗಡೆ ಮಾಡಿದೆ ಎನ್ನುತ್ತದೆ, ಏಜೆನ್ಸಿ ಬಂದಿಲ್ಲ ಎನ್ನುತ್ತದೆ. ನಡುವೆ ಸಿಕ್ಕವರು ಇಬ್ಬರ ಬಳಿಯೂ ಅಲೆಯುತ್ತಾರೆ.

ಉಮಾದೇವಿಯಿಂದ ಈಚೆಗೆ

ಸರ್ಕಾರಿ ಸಂಸ್ಥೆಗಳಲ್ಲಿ ದಿನಗೂಲಿ, ತಾತ್ಕಾಲಿಕ ನೆಲೆಯಲ್ಲಿ ದುಡಿಯುವವರ ಪಾಲಿಗೆ ಎರಡು ದಶಕಗಳಿಂದ ಅಡ್ಡಗೋಡೆಯಾಗಿ ನಿಂತಿರುವುದು 2006ರ ಏಪ್ರಿಲ್ 10ರ ಉಮಾದೇವಿ ತೀರ್ಪು. ಅದು ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರಿಂದ ಹುಟ್ಟಿದ ಪ್ರಕರಣ. ನಿಯಮಬದ್ಧ ನೇಮಕಾತಿ ಇಲ್ಲದೆ ಸೇರಿದವರು ಎಷ್ಟೇ ವರ್ಷ ದುಡಿದರೂ ಕಾಯಮಾತಿ ಹಕ್ಕಲ್ಲ ಎಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ನ್ಯಾಯಾಲಯದ ಆಸರೆಯಿಲ್ಲದೆ ಮಂಜೂರಾದ ಹುದ್ದೆಗಳಲ್ಲಿ ಹತ್ತು ವರ್ಷ ದುಡಿದವರನ್ನು ಒಂದು ಬಾರಿಗೆ ಪರಿಗಣಿಸಿ ಎಂದೂ ಹೇಳಿತ್ತು. ಇಲ್ಲಿಯೂ ಸರ್ಕಾರಗಳು ನೆನಪಿಟ್ಟುಕೊಂಡದ್ದು ಮೊದಲರ್ಧವನ್ನೇ.

ಈಚೆಗೆ ಗಾಳಿ ಸ್ವಲ್ಪ ತಿರುಗಿದೆ. ಒಂದೇ ಕೆಲಸ ಮಾಡುವ ತಾತ್ಕಾಲಿಕ ನೌಕರರಿಗೂ ಕಾಯಂ ವೇತನ ಶ್ರೇಣಿಯ ಕನಿಷ್ಠ ಮೊತ್ತ ಸಿಗಬೇಕೆಂದು 2016ರ ಜಗಜಿತ್ ಸಿಂಗ್ ತೀರ್ಪು ಹೇಳಿತು. 2024ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗದ ಕಸ ಗುಡಿಸುವವರು ಮತ್ತು ಮಾಲಿಯ ಪ್ರಕರಣದಲ್ಲಿ, ಉಮಾದೇವಿ ತೀರ್ಪನ್ನು ಶೋಷಣೆಯ ಗುರಾಣಿ ಮಾಡಿಕೊಳ್ಳಬಾರದೆಂದು ಸುಪ್ರೀಂ ಕೋರ್ಟು ಎಚ್ಚರಿಸಿ ಅವರನ್ನು ಕಾಯಂಗೊಳಿಸಿತು. 2025ರ ಆಗಸ್ಟಿನಲ್ಲಿ ಉತ್ತರ ಪ್ರದೇಶದ ಉನ್ನತ ಶಿಕ್ಷಣ ಸೇವಾ ಆಯೋಗದ ದಿನಗೂಲಿ ನೌಕರರಿಗೂ ಅಂಥದೇ ನ್ಯಾಯ ದೊರೆಯಿತು. ಕಾಲೇಜುಗಳಿಗೆ ಅಧ್ಯಾಪಕರನ್ನು ಆರಿಸಿಕೊಡಲೆಂದೇ ಇದ್ದ ಆಯೋಗ ತನ್ನ ನೌಕರರನ್ನು ಮೂರು ದಶಕ ದಿನಗೂಲಿಯಲ್ಲಿಟ್ಟಿತ್ತು!

ಈ ತೀರ್ಪುಗಳ ಫಲ ಮುಖ್ಯವಾಗಿ ನೇರವಾಗಿ ನೇಮಕಗೊಂಡವರದ್ದು ಎಂಬುದನ್ನು ಮರೆಯುವಂತಿಲ್ಲ. ಮಧ್ಯೆ ಏಜೆನ್ಸಿ ನಿಂತಲ್ಲಿ ಅದು ಅಷ್ಟು ಸಲೀಸಾಗಿ ದಕ್ಕದು. ಹಾಗಾಗಿಯೇ ನ್ಯಾಯಾಲಯ ದಿನಗೂಲಿಯವರ ಬಗ್ಗೆ ಉದಾರವಾದಷ್ಟೂ ಇಲಾಖೆಗಳು ಹೊರಗುತ್ತಿಗೆಯತ್ತ ವಾಲುವ ಅಪಾಯ ಇದೆ.

ರಾಜ್ಯ ಸರ್ಕಾರದ ನಡೆಯಲ್ಲಿ ದ್ವಂದ್ವ ಎದ್ದು ಕಾಣುತ್ತದೆ. ಬೆಂಗಳೂರಿನ ಬೀದಿ ಗುಡಿಸುವ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ 2025ರ ಮೇ ದಿನದಂದು ಕಾಯಂ ನೇಮಕಾತಿ ಆದೇಶ ನೀಡಲಾಯಿತು. ಪೌರಕಾರ್ಮಿಕರು ವರ್ಷಗಟ್ಟಲೆ ಬೀದಿಗಿಳಿದು ಗಳಿಸಿಕೊಂಡದ್ದು ಅದು. ಕಾಲೇಜಿನ ಗೋಡೆಯಿಂದಾಚೆ ರಸ್ತೆ ಗುಡಿಸುವವರು ಸರ್ಕಾರಿ ನೌಕರರು. ಗೋಡೆಯಿಂದೀಚೆ ಕಾರಿಡಾರು ಗುಡಿಸುವವರು ಏಜೆನ್ಸಿಯ ಆಳು. ಎರಡೂ ಕಡೆ ಪೊರಕೆ ಹಿಡಿದವರಲ್ಲಿ ಹೆಚ್ಚಿನವರು ದಲಿತ ಮಹಿಳೆಯರು. ಇನ್ನೊಂದೆಡೆ 2024ರ ಮೇ ತಿಂಗಳಲ್ಲಿ ಸರ್ಕಾರ ಹೊರಗುತ್ತಿಗೆ ನೇಮಕಾತಿಯಲ್ಲೂ ಮೀಸಲಾತಿ ಪಾಲಿಸಬೇಕೆಂದು ಸೂಚಿಸಿತು. ಸ್ವಾಗತಾರ್ಹವೇ. ಆದರೆ ಯಾರನ್ನು ತೆಗೆದುಕೊಳ್ಳಬೇಕೆಂದು ಸರ್ಕಾರವೇ ನಿರ್ಧರಿಸುವುದಾದರೆ, ಅವರು ತನ್ನ ನೌಕರರಲ್ಲ ಎನ್ನುವುದು ಹೇಗೆ?

ಹಣವೆಲ್ಲಿಂದ ಎಂಬ ಆಡಳಿತ ಮಂಡಳಿಗಳ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ವಿದ್ಯಾರ್ಥಿಗಳ ಸಂಖ್ಯೆ ಇಳಿಯುತ್ತಿರುವ, ಶುಲ್ಕ ಏರಿಸಲಾಗದ ಗ್ರಾಮಾಂತರದ ಕಲಾ ಕಾಲೇಜಿಗೆ ಅದು ನಿಜವಾದ ಸಂಕಟ. ಆದರೆ ಹೊರಗುತ್ತಿಗೆಯಲ್ಲಿ ಕಾಲೇಜು ಕೊಡುವ ಹಣದಲ್ಲಿ ಏಜೆನ್ಸಿಯ ಸೇವಾ ಶುಲ್ಕವೂ ಜಿಎಸ್‌ಟಿಯೂ ಸೇರಿರುತ್ತವೆ. ಸಂಸ್ಥೆಗೆ ಉಳಿತಾಯವಾಗುತ್ತಿದ್ದರೆ ಅದು ಬಹುಪಾಲು ಕೆಲಸಗಾರನ ಜೇಬಿನಿಂದಲೇ ಬಂದಿರಬೇಕು. ಈ ನಂಟನ್ನು ಕಡಿಯಲು ಸಿರಿವಂತ ವಿಶ್ವವಿದ್ಯಾಲಯವೊಂದು ಕಂಡುಕೊಂಡ ಉಪಾಯ ಗಮನಾರ್ಹ. ಅಮೆರಿಕದ ಹಾರ್ವರ್ಡಿನಲ್ಲಿ 2001ರಲ್ಲಿ ವಿದ್ಯಾರ್ಥಿಗಳು ಕಾವಲು, ಸ್ವಚ್ಛತೆ, ಭೋಜನಶಾಲೆಯ ಕಾರ್ಮಿಕರ ಕೂಲಿಗಾಗಿ ಆಡಳಿತ ಭವನದಲ್ಲಿ ಮೂರು ವಾರ ಧರಣಿ ಕೂತರು. ಬಳಿಕ ರಚನೆಯಾದ ಸಮಿತಿಯ ಶಿಫಾರಸಿನ ಮೇರೆಗೆ, ಗುತ್ತಿಗೆದಾರನ ಕೆಳಗೆ ದುಡಿಯುವವರಿಗೂ ಅದೇ ಕೆಲಸ ಮಾಡುವ ವಿಶ್ವವಿದ್ಯಾಲಯದ ನೌಕರರಷ್ಟೇ ವೇತನ ಮತ್ತು ಸೌಲಭ್ಯ ಎಂಬ ನೀತಿ ಬಂತು. ಗುತ್ತಿಗೆ ಕೊಡಬಾರದು ಎಂದೇನೂ ಹೇಳಲಿಲ್ಲ. ಗುತ್ತಿಗೆಯಿಂದ ಕೂಲಿ ಇಳಿಸುವ ಲಾಭವನ್ನಷ್ಟೇ ತೆಗೆದುಹಾಕಿತು. ಲಂಡನ್ನಿನ ಅರ್ಥಶಾಸ್ತ್ರ ಶಾಲೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮುಷ್ಕರದ ಬಳಿಕ 2017ರಲ್ಲಿ ಸ್ವಚ್ಛತಾ ಕಾರ್ಮಿಕರನ್ನು ತನ್ನ ನೌಕರರನ್ನಾಗಿಯೇ ಮಾಡಿಕೊಳ್ಳಲು ಒಪ್ಪಿತು. ನಮ್ಮಲ್ಲಿ ಬೀದರ್ ಜಿಲ್ಲೆಯ ಮಾದರಿ ಇದೆ. ಗುತ್ತಿಗೆದಾರನ ಬದಲು ಕಾರ್ಮಿಕರ ಸಹಕಾರ ಸಂಘದ ಮೂಲಕ ಹೊರಗುತ್ತಿಗೆ ಸಿಬ್ಬಂದಿ ಒದಗಿಸುವ ಏರ್ಪಾಡು ಅದು. ಮಧ್ಯವರ್ತಿಯ ಪಾಲನ್ನು ಅದು ಉಳಿಸೀತು. ಮಾಲೀಕ ಯಾರೆಂಬ ಪ್ರಶ್ನೆಯನ್ನು ಬಗೆಹರಿಸದು.

ಉಳಿದದ್ದು ಮುಷ್ಕರದ ಮಾತು. ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಂತೆ ನೋಟಿಸು ಕೊಟ್ಟು 14 ದಿನ ಕಳೆಯುವವರೆಗೆ ಮುಷ್ಕರ ಹೂಡುವಂತಿಲ್ಲ. ಅರ್ಧ ಅಥವಾ ಹೆಚ್ಚು ಮಂದಿ ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. ಸಂಧಾನ ನಡೆಯುತ್ತಿರುವಾಗ ಕೆಲಸ ನಿಲ್ಲಿಸಿದರೆ ಕಾನೂನುಬಾಹಿರ. ಅಂಥ ಮುಷ್ಕರಕ್ಕೆ ಇಳಿದ ಕೆಲಸಗಾರನಿಗೆ 1,000ದಿಂದ 10,000 ರೂಪಾಯಿವರೆಗೆ ದಂಡ, ಒಂದು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು. ಪರೀಕ್ಷೆಯ ಹೊತ್ತಿಗೆ ಸಿಬ್ಬಂದಿ ಧರಣಿ ಕುಳಿತರೆ ಈ ಕಲಮುಗಳನ್ನು ತೋರಿಸುವುದು ಆಡಳಿತ ಮಂಡಳಿಗಳಿಗೆ ಆಕರ್ಷಕವಾಗಿ ಕಂಡೀತು. ಆದರೆ ತಾನು ದತ್ತಿ ಸಂಸ್ಥೆ, ಕೈಗಾರಿಕೆಯಲ್ಲ ಎಂದು ವಾದಿಸಿ ಗೆದ್ದ ಕಾಲೇಜಿಗೆ ಈ ಕಲಮುಗಳೂ ಸಿಗುವುದಿಲ್ಲ. ನೋಟಿಸಿನ ಅವಧಿ ಇಲ್ಲ, ಎರಡೂ ಕಡೆಯವರನ್ನು ಕರೆಸಿ ಮಾತಾಡಿಸುವ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿ ಇಲ್ಲ, ಒಪ್ಪಂದಕ್ಕೆ ಕಾನೂನಿನ ಬಲವೂ ಇಲ್ಲ. ಹಾಸ್ಟೆಲಿನ ಒಲೆ ಆರಿದ ದಿನ ಪ್ರಾಂಶುಪಾಲರು ಫೋನು ಮಾಡಬೇಕಾದದ್ದು ಸಮೀಪದ ಪೊಲೀಸ್ ಠಾಣೆಗೇ.